ಕೋಲ್ಡ್ ಸ್ಟೋರೇಜಿಂದ ತೆಗೆದ ಮೇಲೆ ದಪ್ಪ ಮೆಣಸಿನಕಾಯಿ ಹಾಳಾಗ್ತಿದ್ರೆ: ದೋಷ ಹುಡುಕೋದು ಹೇಗೆ, ಹಾರ್ಮೋನ್ ಟ್ರೀಟ್‌ಮೆಂಟ್ ಎಲ್ಲಿ ಕೈಕೊಡತ್ತೆ

ರೂಮಿಂದ ಕ್ರೇಟ್ ಹೊರಗೆ ತೆಗೆದ ಗಳಿಗೇಲಿ ಕಾಯಿ ಹಸಿರಾಗಿ ಗಟ್ಟಿಯಾಗಿ ಹೊಳೀತಾ ಇರತ್ತೆ, ಎರಡು ದಿನ ಹೊರಗಿಟ್ರೆ ಮೈಮೇಲೆ ಸೂಜಿಮೊನೆಯಷ್ಟು ಸಣ್ಣ ತಗ್ಗು ಬೀಳೋಕೆ ಶುರುವಾಗತ್ತೆ, ಆಮೇಲೆ ಆ ತಗ್ಗುಗಳು ಒಂದಕ್ಕೊಂದು ಕೂಡ್ಕೊಂಡು ಕಲೆ ಆಗತ್ತೆ, ತೊಟ್ಟಿನ ಬುಡದಲ್ಲಿ ಕಪ್ಪು ಬೂಷ್ಟು ಕಾಣಿಸ್ಕೊಳತ್ತೆ. ಆಗ ಎಲ್ರೂ ಮೊದಲು ಕೇಳೋದು ಬೂಷ್ಟಿಗೆ ಯಾವ ಔಷಧಿ ಹೊಡೀಬೇಕು ಅಂತ. ಬೂಷ್ಟು ಕೊನೇಲಿ ಬಂದಿದ್ದು ಕಣ್ರೀ, ಅದಕ್ಕೂ ಎಷ್ಟೋ ಮೊದಲೇ ಚಳಿ ಕಾಯಿಯ ಜೀವಕೋಶಗಳನ್ನ ಕೆಡಿಸಿರತ್ತೆ. ಇದನ್ನ ಚಿಲ್ಲಿಂಗ್ ಇಂಜುರಿ ಅಂತಾರೆ, ಇಲ್ಲಿ ನಾನು ಚಳಿ ಪೆಟ್ಟು ಅಂತಲೇ ಬರೀತೀನಿ.

ಈ ಚಳಿ ಪೆಟ್ಟನ್ನ ಕಡಿಮೆ ಮಾಡೋಕೆ ಸಸ್ಯ ಬೆಳವಣಿಗೆ ನಿಯಂತ್ರಕಗಳನ್ನ, ಅಂದ್ರೆ ಪಿಜಿಆರ್ ಅಥವಾ ಸುಮ್ನೆ ಹಾರ್ಮೋನ್ ಅಂತ ಕರೆಯೋ ವಸ್ತುಗಳನ್ನ ಬಳಸ್ತಾರೆ. ಮೀಥೈಲ್ ಜಾಸ್ಮೊನೇಟ್, ಸ್ಯಾಲಿಸಿಲಿಕ್ ಆಸಿಡ್, ಬ್ರಾಸಿನೊಲೈಡ್, ಮೆಲಟೋನಿನ್ ಇಂಥವು. ಕೆಲವನ್ನ ಮುಚ್ಚಿದ ಡಬ್ಬದಲ್ಲಿ ಆವಿಯಾಗಿ ಕೊಡ್ತಾರೆ, ಕೆಲವನ್ನ ನೀರಲ್ಲಿ ಕರಗಿಸಿ ಕಾಯಿಯನ್ನ ಅದರಲ್ಲಿ ಅದ್ದಿ ತೆಗೀತಾರೆ. ಕೆಲಸ ಮಾಡ್ತವೆ, ಆದ್ರೆ ಚಳಿಗೆ ಇಡೋಕೆ ಮುಂಚೆ ಕೊಟ್ರೆ ಮಾತ್ರ, ಕಾಯಿ ಇನ್ನೂ ಬೆಚ್ಚಗಿದ್ದು ಅದು ತನ್ನೊಳಗೆ ತಯಾರಿ ಮಾಡ್ಕೊಳ್ಳೋಕೆ ಒಂದಷ್ಟು ಗಂಟೆ ಸಿಕ್ರೆ ಮಾತ್ರ. ಹಾಕಿದ್ವಿ, ಏನೂ ಆಗ್ಲಿಲ್ಲ ಅನ್ನೋ ಕಡೆ ಹೋಗಿ ವಿಚಾರಿಸಿದ್ರೆ ಬಹುತೇಕ ಟೈಮಿಂಗ್ ತಪ್ಪಿರತ್ತೆ, ಇಲ್ಲ ಡೋಸ್ ಲೆಕ್ಕ ತಪ್ಪಿರತ್ತೆ, ಇಲ್ಲಾಂದ್ರೆ ಸಮಸ್ಯೆ ಚಳಿ ಪೆಟ್ಟೇ ಆಗಿರಲ್ಲ. ಹಾಗಾಗಿ ಹಿಂದಿನಿಂದ ಹುಡುಕ್ಕೊಂಡು ಬರೋಣ.

ಇದು ಚಳಿ ಪೆಟ್ಟೇನಾ?

ಕಾಯಿಯನ್ನ ತೊಟ್ಟಿಂದ ತುದಿವರೆಗೆ ಉದ್ದಕ್ಕೆ ಸೀಳಿ ನೋಡಿ. ಹೊರಗಡೆ ಏನೂ ಕಾಣ್ದೇ ಇದ್ರೂ ಎಷ್ಟೋ ಸಲ ಒಳಗೆ ಸುಳಿವು ಸಿಗತ್ತೆ. ಚೆನ್ನಾಗಿರೋ ಕಾಯಲ್ಲಿ ಬೀಜ ಕೆನೆ ಬಣ್ಣಕ್ಕಿರತ್ತೆ, ಬೀಜ ಅಂಟ್ಕೊಂಡಿರೋ ಬಿಳೀ ಭಾಗ ಗಟ್ಟಿಯಾಗಿ ತಾಜಾ ಇರತ್ತೆ. ಚಳಿ ತಿಂದ ಕಾಯಲ್ಲಿ ಬೀಜ ಕಂದಾಗಿರತ್ತೆ, ಜಾಸ್ತಿ ಆಗಿದ್ರೆ ಕಪ್ಪುಗಂದು, ಸುತ್ತಲಿನ ಬಿಳೀ ಭಾಗವೂ ಮಾಸಿ ಒದ್ದೆ ಒದ್ದೆ ಅನ್ನಿಸತ್ತೆ. ಆಮೇಲೆ ತೊಟ್ಟಿನ ಬುಡದ ಹಸಿರು ಟೊಪ್ಪಿ ನೋಡಿ, ಅದರ ಅಂಚು ಕಂದಾಗಿದ್ಯಾ ಅಂತ. ಮೈಮೇಲಿನ ತಗ್ಗುಗಳನ್ನ ಬೆಳಕಿಗೆ ಓರೆಯಾಗಿ ಹಿಡಿದು ನೋಡಬೇಕು, ನೇರ ಬೆಳಕಲ್ಲಿ ಶುರುವಿನ ತಗ್ಗು ಕಾಣಲ್ಲ, ಓರೆ ಬೆಳಕಲ್ಲಿ ಹೊಳಪು ಅಲ್ಲಲ್ಲಿ ಮುರಿದ ಹಾಗೆ ಕಾಣತ್ತೆ. ಬೆರಳಲ್ಲಿ ಒತ್ತಿ: ತೂಕ ಅಷ್ಟೇನೂ ಇಳಿದಿಲ್ಲ ಆದ್ರೂ ಗೋಡೆ ಮೆತ್ತಗಾಗಿದೆ ಅಂದ್ರೆ ಅದೂ ಚಳಿ ಪೆಟ್ಟಿನ ಕಡೆಗೇ ಬೆರಳು ತೋರಿಸತ್ತೆ.

ಹಾಗೇ ಕಾಣೋ ಬೇರೆ ತೊಂದರೆಗಳೂ ಇವೆ, ಅವನ್ನ ಬೇರ್ಪಡಿಸ್ದೇ ಹಾರ್ಮೋನಿಗೆ ದುಡ್ಡು ಹಾಕಬೇಡಿ. ಬರೀ ನೀರು ಆರಿದ್ರೆ ಕಾಯಿ ಪೂರ್ತಿ ಸುಕ್ಕಾಗತ್ತೆ, ತೂಕ ಇಳಿಯತ್ತೆ, ಬೀಜ ಮಾತ್ರ ಕೆನೆ ಬಣ್ಣಕ್ಕೇ ಇರತ್ತೆ. ಹೂವಿನ ತುದಿ ಕಡೆ ಒಂದೇ ದೊಡ್ಡ ಒಣ ಕಲೆ ಇದ್ರೆ ಅದು ಗಿಡದಲ್ಲೇ ಆಗಿರೋ ಕ್ಯಾಲ್ಸಿಯಂ ಕೊರತೆಯ ತುದಿ ಕೊಳೆ. ಒಂದೇ ಮಗ್ಗುಲಲ್ಲಿ ಬೆಳ್ಳಗೆ ಪೇಪರ್ ಥರ ಆಗಿದ್ರೆ ಬಿಸಿಲು ಸುಟ್ಟಿದ್ದು. ತಗ್ಗುಗಳು ಸಾಲಾಗಿ, ಗೀರಿನ ಹಾಗೆ, ಕ್ರೇಟಿನ ಕಂಬಿ ಒತ್ತಿದ ಜಾಗದಲ್ಲೇ ಇದ್ರೆ ಪ್ಯಾಕಿಂಗಲ್ಲಿ ಆದ ಪೆಟ್ಟು. ಗೋಡೆ ನೀರು ತುಂಬಿದ ಹಾಗೆ ಅರೆಪಾರದರ್ಶಕ ಆಗಿ ಕರಗಿದ್ಮೇಲೆ ಪೂರ್ತಿ ಜೋತುಬಿದ್ರೆ ಕಾಯಿ ಹೆಪ್ಪುಗಟ್ಟಿದೆ ಅಂತ ಅರ್ಥ, ಸುಮಾರು ಮೈನಸ್ 0.7 ಡಿಗ್ರಿಯಲ್ಲೇ ಇದು ಹೆಪ್ಪುಗಟ್ಟೋಕೆ ಶುರು ಮಾಡತ್ತೆ, ಅದು ಬೇರೆಯದೇ ಕಥೆ, ಅದಕ್ಕೆ ಹಾರ್ಮೋನ್ ಇಲ್ಲ. ಕಾಯಿ ಒಳಗೆಲ್ಲ ನೀರಾಗಿ ಕೆಟ್ಟ ವಾಸನೆ ಬಂದ್ರೆ ಬ್ಯಾಕ್ಟೀರಿಯಾ ಕೊಳೆ, ಅದರ ಮೂಲ ಸಾಮಾನ್ಯವಾಗಿ ತೊಳೆಯೋ ನೀರಲ್ಲಿ ಇರತ್ತೆ.

ಬೂಷ್ಟಿನ ವಿಷಯ ಸ್ವಲ್ಪ ಗಮನ ಕೊಟ್ಟು ನೋಡಿ. ಕಪ್ಪಗೆ ಮಖಮಲ್ ಥರ ಇದ್ರೆ ಆಲ್ಟರ್ನೇರಿಯಾ, ಬೂದಿ ಬಣ್ಣಕ್ಕಿದ್ರೆ ಬೊಟ್ರೈಟಿಸ್. ಆಲ್ಟರ್ನೇರಿಯಾ ಗಟ್ಟಿಮುಟ್ಟಾದ ಕಾಯಿಗೆ ಸುಲಭವಾಗಿ ನುಗ್ಗಲ್ಲ, ಚಳಿಗೆ ಸೋತ ಜಾಗ ಸಿಕ್ರೆ ಒಳಗೆ ಹೋಗತ್ತೆ. ಅದಕ್ಕೇ ತಗ್ಗು ಮೊದಲು ಬಂದು ತಗ್ಗಿನ ಮೇಲೆ ಕಪ್ಪು ಬೂಷ್ಟು ಬೆಳೆದಿದ್ರೆ ನೀವು ಹುಡುಕಬೇಕಾಗಿರೋದು ಚಳಿಯನ್ನ. ಬೊಟ್ರೈಟಿಸ್ ಹಾಗಲ್ಲ, ಅದು ತಂಪಲ್ಲೂ ಬೆಳೆಯತ್ತೆ, ರೂಮಿನ ಒಳಗೇ ಹರಡತ್ತೆ.

ಇನ್ನೊಂದು ಮಾತು, ರೂಮಿನ ಒಳಗೆ ನಿಂತು ಕಾಯಿ ನೋಡಿ ಸರಿ ಇದೆ ಅಂತ ತೀರ್ಮಾನಿಸಬೇಡಿ. ಪೆಟ್ಟು ಬಿದ್ದಿದ್ದು ಚಳಿಯಲ್ಲಿ, ಕಾಣೋದು ಬೆಚ್ಚಗೆ ಆದ್ಮೇಲೆ. ಆಗಾಗ ಬೇರೆ ಬೇರೆ ಮೂಲೆಯ ಕ್ರೇಟಿಂದ ಕೆಲವು ಕಾಯಿ ತೆಗೆದು 20 ಡಿಗ್ರಿ ಹತ್ರ 2-3 ದಿನ ಇಟ್ಟು ಆಮೇಲೆ ಎಣಿಸಿ, ಅದೇ ನಿಜವಾದ ಲೆಕ್ಕ.

ಟೆಂಪರೇಚರ್ ಎಲ್ಲಿ ಅಳೀತಿದೀರಿ ಅನ್ನೋದು ಮುಖ್ಯ

ದಪ್ಪ ಮೆಣಸಿನಕಾಯಿಗೆ ಹೊಂದೋದು 7 ರಿಂದ 10 ಡಿಗ್ರಿ ಸೆಲ್ಸಿಯಸ್, ಗಾಳಿಯ ತೇವ 90-95%. 7.5 ಡಿಗ್ರಿ ಹತ್ರ ಇಟ್ರೆ ಒಳ್ಳೇ ಕಾಯಿ 3 ರಿಂದ 5 ವಾರ ಬಾಳತ್ತೆ. 5 ಡಿಗ್ರಿಗೆ ಇಳಿಸಿದ್ರೆ ನೀರು ಆರೋದು ಕಡಿಮೆ ಆಗತ್ತೆ ಅಂತ ಎರಡು ವಾರ ಖುಷಿಯಾಗಿರಬಹುದು, ಅದಾದ್ಮೇಲೆ ಚಳಿ ಪೆಟ್ಟು ಶುರು. 0-2 ಡಿಗ್ರಿಯಲ್ಲಿ ಕೆಲವೇ ದಿನ ಸಾಕು.

ರೂಮಿನ ಡಿಸ್‌ಪ್ಲೇ 8 ತೋರಿಸ್ತಿದೆ ಅಂದ್ರೆ ಸೆನ್ಸರ್ ಇರೋ ಜಾಗ 8 ಇದೆ ಅಷ್ಟೆ. ಬ್ಲೋವರ್ ಎದುರಿಗೆ ಇಟ್ಟ ಮೇಲಿನ ಸಾಲಿನ ಕ್ರೇಟಿಗೆ ಅದಕ್ಕಿಂತ ಎಷ್ಟೋ ತಣ್ಣನೆ ಗಾಳಿ ನೇರ ಹೊಡೀತಾ ಇರತ್ತೆ. ಹಾಳಾಗಿರೋ ಕಾಯಿ ರೂಮಿನ ಯಾವ ಭಾಗದಿಂದ ಬಂದಿದ್ದು ಅಂತ ಗುರುತು ಹಾಕ್ಕೊಂಡ್ರೆ ಎಷ್ಟೋ ಕೇಸು ಅಲ್ಲೇ ಮುಗೀತದೆ, ಮೇಲಿನ ಸಾಲು ಮಾತ್ರ ಕೆಟ್ಟು ಕೆಳಗಿಂದು ಚೆನ್ನಾಗಿದ್ರೆ ಅದು ಗಾಳಿಯ ದೋಷ, ಟ್ರೀಟ್‌ಮೆಂಟ್ ದೋಷ ಅಲ್ಲ.

ಕಾಯಿ ಒಳಗಿನ ಟೆಂಪರೇಚರ್ ಅಳೆಯೋವಾಗ ಒಂದು ಎಚ್ಚರ ಬೇಕು. ಈ ಕಾಯಿ ಒಳಗೆ ಟೊಳ್ಳು, ಪ್ರೋಬನ್ನ ನೇರ ಚುಚ್ಚಿದ್ರೆ ಮೊನೆ ತಿರುಳು ದಾಟಿ ಒಳಗಿನ ಗಾಳಿಗೆ ಹೋಗತ್ತೆ, ಬರೋ ನಂಬರ್ ಗಾಳಿದು. ಭುಜದ ಹತ್ರ, ತಿರುಳು ದಪ್ಪ ಇರೋ ಕಡೆ, ಗೋಡೆಯ ಉದ್ದಕ್ಕೆ ಓರೆಯಾಗಿ ತೂರಿಸಿ, ಮೊನೆ ತಿರುಳಲ್ಲೇ ಉಳೀಬೇಕು. ಬೆಳಗ್ಗೆ ಒಂದ್ಸಲ ಅಳೆದು ಬಿಟ್ರೆ ಸಾಲ್ದು, ರಾತ್ರಿ ಬಾಗಿಲು ಮುಚ್ಚಿ ಲೋಡ್ ಕಡಿಮೆ ಇದ್ದಾಗ ಎಷ್ಟು ಇಳಿಯತ್ತೆ ಅಂತ ಡೇಟಾ ಲಾಗರ್ ಇಟ್ಟು ನೋಡಿ. ಚಳಿಯ ಪೆಟ್ಟು ಗಂಟೆ ಗಂಟೆಗೂ ಕೂಡ್ತಾ ಹೋಗೋ ಸ್ವಭಾವದ್ದು, ದಿನಾ ರಾತ್ರಿ 4 ಡಿಗ್ರಿಗೆ ಹೋಗಿ ಬಂದ್ರೆ ಸರಾಸರಿ 7 ಇದ್ರೂ ಕಾಯಿಗೆ ಆ 4ರ ಗಂಟೆಗಳು ಲೆಕ್ಕಕ್ಕೆ ಬರ್ತವೆ. ಹಾಗೇ ರೂಮಿಗೆ ಬರೋ ಮುಂಚೆ ತಣ್ಣನೆ ಗಾಡಿಯಲ್ಲಿ ಎಷ್ಟು ಹೊತ್ತು ಇತ್ತು ಅಂತಲೂ ಕೇಳಿ.

ಟೆಂಪರೇಚರ್ 7.5ಕ್ಕೆ ಏರಿಸೋಕೆ ಆಗತ್ತೆ ಅಂದ್ರೆ ಏರಿಸಿ, ಹಾರ್ಮೋನ್ ಯೋಚ್ನೆ ಬಿಡಿ. ನನ್ನ ಅಭಿಪ್ರಾಯದಲ್ಲಿ ಹಾರ್ಮೋನ್‌ಗಳ ನಿಜವಾದ ಜಾಗ ಬೇರೆ ಕಡೆ ಇದೆ: ಇತರ ತರಕಾರಿ ಜೊತೆ ಒಂದೇ ರೂಮಲ್ಲಿ ಇಡಲೇಬೇಕು, ಗಾಡಿ 4 ಡಿಗ್ರಿಗೇ ಓಡತ್ತೆ, ಅಥವಾ ಕೀಟ ಕ್ವಾರಂಟೈನ್‌ಗೋಸ್ಕರ ತಣ್ಣಗೆ ಇಡೋದು ಕಡ್ಡಾಯ, ಇಂಥ ಕಡೆ.

ಒಳಗೆ ಏನಾಗತ್ತೆ

ಜೀವಕೋಶದ ಪೊರೆ ಕೊಬ್ಬಿನಂಶದಿಂದ ಆಗಿರೋದು, ಚಳಿಗೆ ಕೊಬ್ಬರಿ ಎಣ್ಣೆ ಹೆಪ್ಪಾದ ಹಾಗೆ ಅದೂ ಬಿಗಿಯಾಗತ್ತೆ. ಬಿಗಿಯಾದ ಪೊರೆಯಲ್ಲಿ ಬಿರುಕು, ಒಳಗಿನ ಲವಣ ಹೊರಗೆ ಸೋರತ್ತೆ, ಉಸಿರಾಟದ ಸರಪಳಿ ತಪ್ಪಿ ಹೈಡ್ರೋಜನ್ ಪೆರಾಕ್ಸೈಡ್ ಥರದ ಚುರುಕು ಆಮ್ಲಜನಕ ಕಣಗಳು ತುಂಬ್ಕೋತವೆ, ಅವು ಮತ್ತೆ ಪೊರೆಯನ್ನೇ ತಿಂತವೆ. ಕಾಯಿಯ ಸ್ವಂತ ರಕ್ಷಣಾ ಎಂಜೈಮ್‌ಗಳು, ಕ್ಯಾಟಲೇಸ್, ಪೆರಾಕ್ಸಿಡೇಸ್ ಇಂಥವು, ಚುರುಕಾಗಿದ್ರೆ ತಡ್ಕೊಳತ್ತೆ, ನಿಧಾನ ಆದ್ರೆ ಸೋಲತ್ತೆ. ಹಾರ್ಮೋನ್‌ಗಳು ಮಾಡೋದು ಈ ರಕ್ಷಣೆಯನ್ನ ಮುಂಚಿತವಾಗಿ ಎಬ್ಬಿಸೋದು. ಮೀಥೈಲ್ ಜಾಸ್ಮೊನೇಟ್, ಮೀಥೈಲ್ ಸ್ಯಾಲಿಸಿಲೇಟ್ (ಸ್ಯಾಲಿಸಿಲಿಕ್ ಆಸಿಡ್ಡಿನ ಆವಿಯಾಗೋ ರೂಪ) ಆವಿ ಕೊಟ್ಟ ಕಾಯಲ್ಲಿ ಆಲ್ಟರ್ನೇಟಿವ್ ಆಕ್ಸಿಡೇಸ್ ಅನ್ನೋ ಎಂಜೈಮಿನ ಜೀನ್ ಜಾಸ್ತಿ ಕೆಲಸ ಮಾಡತ್ತೆ, ಅದು ಉಸಿರಾಟಕ್ಕೆ ಪಕ್ಕದ ದಾರಿ ಬಿಟ್ಟುಕೊಟ್ಟು ಆ ಕೆಟ್ಟ ಕಣಗಳು ಹುಟ್ಟೋದನ್ನೇ ತಗ್ಗಿಸತ್ತೆ. ಎಂಜೈಮ್ ತಯಾರಾಗೋಕೆ ಕಾಯಿ ಬೆಚ್ಚಗಿರಬೇಕು, ಟೈಮ್ ಬೇಕು. ರೂಮಿಂದ ತೆಗೆದ ಮೇಲೆ ಅದ್ದಿ ತೆಗೆದ್ರೆ ಯಾಕೆ ಪ್ರಯೋಜನ ಇಲ್ಲ ಅನ್ನೋದು ಇದರಲ್ಲೇ ಗೊತ್ತಾಗತ್ತೆ, ಹರಿದ ಪೊರೆಯನ್ನ ಇವು ಹೊಲಿಯಲ್ಲ.

ಟ್ರೀಟ್‌ಮೆಂಟ್ ಮಾಡಿದ್ರೂ ಕೆಟ್ರೆ: ಒಂದೊಂದಾಗಿ ನೋಡಿ

ಕೊಯ್ಲಾಗಿ ಎಷ್ಟು ಹೊತ್ತಿಗೆ ಕೊಟ್ರಿ, ಕೊಟ್ಟಾಗ ಕಾಯಿ ಎಷ್ಟು ಬೆಚ್ಚಗಿತ್ತು, ಇದು ಮೊದಲ ಪ್ರಶ್ನೆ. ಪ್ರೀಕೂಲಿಂಗ್ ಮುಗಿಸಿ 8 ಡಿಗ್ರಿಗೆ ಬಂದ ಕಾಯಿಗೆ ಆವಿ ಕೊಟ್ರೆ ಮೀಥೈಲ್ ಜಾಸ್ಮೊನೇಟ್ ಸರಿಯಾಗಿ ಆವಿನೇ ಆಗಲ್ಲ, ಅದು ಮೊದಲೇ ನಿಧಾನಕ್ಕೆ ಹಾರೋ ವಸ್ತು. 20-25 ಡಿಗ್ರಿಯಲ್ಲಿ ಮುಚ್ಚಿದ ಜಾಗದಲ್ಲಿ 12 ರಿಂದ 24 ಗಂಟೆ, ಆಮೇಲೆ ಗಾಳಿ ಆಡಿಸಿ, ಆಮೇಲೆ ಚಳಿಗೆ.

ಆವಿ ಟ್ರೀಟ್‌ಮೆಂಟಲ್ಲಿ ಡೋಸ್ ಲೆಕ್ಕ ಬಹಳ ಕಡೆ ತಪ್ಪತ್ತೆ. ಆವಿಯ ಡೋಸ್ ಹೇಳೋದು ಡಬ್ಬದ ಒಳಗಿನ ಜಾಗದ ಲೀಟರಿಗೆ, ಕಾಯಿಯ ಕೆಜಿಗೆ ಅಲ್ಲ. ಮೀಥೈಲ್ ಜಾಸ್ಮೊನೇಟಿನ ಅಣುತೂಕ ಸುಮಾರು 224. ಲೀಟರಿಗೆ 10 ಮೈಕ್ರೋಮೋಲ್ ಬೇಕು ಅಂದ್ರೆ 2.24 ಮಿಲಿಗ್ರಾಂ, 20 ಲೀಟರ್ ಡಬ್ಬಕ್ಕೆ 45 ಮಿಲಿಗ್ರಾಂ ಹತ್ರ, ಅಂದ್ರೆ ಮೈಕ್ರೋಪಿಪೆಟ್ಟಲ್ಲಿ ಸುಮಾರು 44 ಮೈಕ್ರೋಲೀಟರ್. ಒಂದು ಹನಿಗಿಂತ ಸ್ವಲ್ಪ ಕಮ್ಮಿನೇ! ಕಣ್ಣಳತೆಗೆ ಎರಡು ಮೂರು ಹನಿ ಬಿಟ್ರೆ ಡೋಸ್ ಮೂರು ಪಟ್ಟು. ಫಿಲ್ಟರ್ ಪೇಪರ್ ಮೇಲೆ ಹಾಕಿ, ಆ ಪೇಪರ್ ಯಾವ ಕಾಯಿಗೂ ತಾಗಬಾರ್ದು, ತಾಗಿದ ಕಡೆ ಸುಟ್ಟ ಕಲೆ ಬೀಳತ್ತೆ, ಆಮೇಲೆ ಅದನ್ನೇ ಚಳಿ ಪೆಟ್ಟು ಅಂತ ಎಣಿಸ್ಬಿಡ್ತೀರಿ. ಮುಚ್ಚಳ ಸರಿ ಕೂತಿಲ್ಲ ಅಂದ್ರೆ ಆವಿ ಸೋರತ್ತೆ, ತೀರಾ ಹೊತ್ತು ಮುಚ್ಚಿಟ್ರೆ ಕಾಯಿ ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬ್ಕೊಳತ್ತೆ, ಡಬ್ಬ ಪೂರ್ತಿ ತುಂಬ್ಸಿದ್ರೆ ಎರಡೂ ತೊಂದರೆ ಒಟ್ಟಿಗೆ ಬರತ್ತೆ.

ಜಾಸ್ತಿ ಕೊಟ್ರೆ ಜಾಸ್ತಿ ರಕ್ಷಣೆ ಅನ್ನೋ ಲೆಕ್ಕ ಇಲ್ಲಿ ನಡಿಯಲ್ಲ. ಮೀಥೈಲ್ ಜಾಸ್ಮೊನೇಟ್ ಮೂಲತಃ ಮುಪ್ಪು ತರೋ ಹಾರ್ಮೋನೂ ಹೌದು, ಡೋಸ್ ಮೀರಿದ್ರೆ ಹಸಿರು ಮಾಸಿ ಹಳದಿ ತಿರುಗತ್ತೆ. ಟ್ರೀಟ್ ಮಾಡಿದ ಕಾಯಿ ಮಾತ್ರ ಬೇಗ ಹಳದಿ ಆಗ್ತಿದ್ಯಾ, ಮಾಡ್ದೇ ಇರೋದು ಹಸಿರಾಗಿದ್ಯಾ? ಡೋಸ್ ಇಳಿಸಿ.

ಅದ್ದೋ ವಿಧಾನದ ತೊಂದರೆಗಳು ಬೇರೆ. ಮೆಣಸಿನಕಾಯಿ ಸಿಪ್ಪೆ ಮೇಲೆ ಪತ್ರರಂಧ್ರ ಇಲ್ಲ, ಮೇಣದ ಪದರ ಬೇರೆ ಇದೆ. ಬರೀ ನೀರಲ್ಲಿ ಕರಗಿಸಿದ ದ್ರಾವಣದಲ್ಲಿ ಅದ್ದಿ ತೆಗೆದ್ರೆ ಹನಿಹನಿಯಾಗಿ ಜಾರಿ ಬಿದ್ದೋಗತ್ತೆ. ಕಾಯಿಯನ್ನ ಮೇಲೆತ್ತಿ ನೋಡಿ, ನೀರು ಮಣಿಮಣಿಯಾಗಿ ನಿಂತಿದ್ರೆ ಒದ್ದೆಯಾಗಿಲ್ಲ ಅಂತ ಅರ್ಥ, ತೆಳ್ಳನೆ ಪದರವಾಗಿ ಹರಡಬೇಕು. ಅದಕ್ಕೆ ಟ್ವೀನ್-20 ಥರದ, ನೀರನ್ನ ಹರಡಿಸೋ ಸೌಮ್ಯ ದ್ರವ 0.05% ಹತ್ರ ಸೇರಿಸಿ, 10-15 ನಿಮಿಷ ಮುಳುಗಿಸಿಡಿ, ಟೊಳ್ಳು ಕಾಯಿ ತೇಲತ್ತೆ, ಮೇಲೆ ಜಾಲರಿ ಒತ್ತಿಟ್ಟು ಪೂರ್ತಿ ಮುಳುಗೋ ಹಾಗೆ ನೋಡ್ಕೊಳ್ಳಿ, ತೇಲೋ ಕಾಯಿಯ ಮೇಲ್ಭಾಗಕ್ಕೆ ಮದ್ದು ತಾಗಿರೋದೇ ಇಲ್ಲ, ಒಂದೇ ಮಗ್ಗುಲು ತಗ್ಗು ಬಿದ್ದಿರೋ ಲಾಟು ಸಿಕ್ರೆ ಇದನ್ನೇ ಮೊದಲು ಅನುಮಾನಿಸಿ.

ದ್ರಾವಣ ಕಾಯಿಗಿಂತ ತಣ್ಣಗಿರಬಾರ್ದು. ಬಿಸಿಲಿಂದ ಬಂದ ಕಾಯಿಯನ್ನ ತಣ್ಣೀರಿಗೆ ಹಾಕಿದ್ರೆ ಟೊಳ್ಳಿನ ಗಾಳಿ ಕುಗ್ಗಿ ತೊಟ್ಟಿನ ಸಂದಿಯಿಂದ ನೀರು ಒಳಗೆ ಎಳ್ಕೊಳತ್ತೆ, ನೀರಿನ ಜೊತೆ ಬ್ಯಾಕ್ಟೀರಿಯಾ. ಆಮೇಲೆ ಕಾಯಿ ಸೀಳಿದಾಗ ಒಳಗೆ ನೀರು ನಿಂತಿರತ್ತೆ, ಕೆಲ ದಿನಕ್ಕೆ ಪೂರ್ತಿ ಕೊಳೆ. ಕಾಯಿಗಿಂತ ದ್ರಾವಣ ಸುಮಾರು 5 ಡಿಗ್ರಿ ಬೆಚ್ಚಗಿದ್ರೆ ಈ ಕಾಟ ಇರಲ್ಲ. ಅದ್ದಿದ್ಮೇಲೆ ಫ್ಯಾನ್ ಹಾಕಿ ಪೂರ್ತಿ ಒಣಗಿಸಬೇಕು, ತೊಟ್ಟಿನ ಟೊಪ್ಪಿ ಅಡಿ ತೇವ ಉಳಿದ್ರೆ ಹಾರ್ಮೋನಿಂದ ಬಂದ ಲಾಭ ಎಲ್ಲ ಬೂಷ್ಟು ತಿಂದುಹಾಕತ್ತೆ. ಹಾರ್ಮೋನ್ ಹಾಕಿದ್ಮೇಲೆ ಕೊಳೆ ಜಾಸ್ತಿ ಆಯ್ತು ಅನ್ನೋ ದೂರಿನ ಹಿಂದೆ ನಾನು ಮೊದಲು ನೋಡೋದು ಈ ಒಣಗಿಸೋ ಹಂತವನ್ನ.

ಇನ್ನು ಯಾವ ವಸ್ತು ಎಷ್ಟು ಅನ್ನೋದು. ಬ್ರಾಸಿನೊಲೈಡ್ ಬಗ್ಗೆ ಹಸಿರು ದಪ್ಪ ಮೆಣಸಿನಕಾಯಿ ಮೇಲೆ 3 ಡಿಗ್ರಿಯಲ್ಲಿ 18 ದಿನ ಇಟ್ಟು ಮಾಡಿದ ಪ್ರಯೋಗ ಇದೆ, 5, 15, 25 ಮೈಕ್ರೋಮೋಲಾರ್ ಅದ್ದಿ ನೋಡಿದ್ರಲ್ಲಿ 15 ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡ್ತು, 25 ಅಲ್ಲ. ಇದರ ಅಣುತೂಕ 480 ಚಿಲ್ಲರೆ, ಹಾಗಾಗಿ 15 ಮೈಕ್ರೋಮೋಲಾರ್ ಅಂದ್ರೆ ಲೀಟರಿಗೆ 7.2 ಮಿಲಿಗ್ರಾಂ. ಈಗ ಗಿಡಕ್ಕೆ ಸಿಂಪಡಿಸೋ 0.04% ಬಾಟಲಿ ತಗೊಂಡು ಲೀಟರಿಗೆ ಅರ್ಧ ಎಂಎಲ್ ಹಾಕಿದ್ರೆ ಸಿಗೋದು ಸುಮಾರು 0.2 ಮಿಲಿಗ್ರಾಂ, ಬೇಕಾಗಿದ್ದರ ಮೂವತ್ತಾರನೇ ಒಂದು ಪಾಲು! ಹಾಗಂತ ಆ ಬಾಟಲಿನೇ ಲೀಟರಿಗೆ 18 ಎಂಎಲ್ ಸುರಿಯೋಕೆ ಹೋಗಬೇಡಿ, ಅದರ ಜೊತೆ ಇರೋ ದ್ರಾವಕ, ಎಮಲ್ಸಿಫೈಯರ್ ಎಲ್ಲ ಅಷ್ಟೇ ಪಟ್ಟು ಬಂದು ಸಿಪ್ಪೆ ಸುಡಬಹುದು. ಎಲೆ ಸಿಂಪಡಣೆ ಡೋಸೇ ಬೇರೆ, ಕೊಯ್ದ ಕಾಯಿ ಅದ್ದೋ ಡೋಸೇ ಬೇರೆ.

ಸ್ಯಾಲಿಸಿಲಿಕ್ ಆಸಿಡ್ 1 ರಿಂದ 2 ಮಿಲಿಮೋಲಾರ್, ಅಂದ್ರೆ ಲೀಟರಿಗೆ 138 ರಿಂದ 276 ಮಿಲಿಗ್ರಾಂ. ಇದು ನೀರಲ್ಲಿ ನಿಧಾನಕ್ಕೆ ಕರಗತ್ತೆ, ಮೊದಲು ಸ್ವಲ್ಪ ಎಥನಾಲಲ್ಲಿ ಕರಗಿಸಿ ಆಮೇಲೆ ನೀರಿಗೆ ಕಲಕ್ತಾ ಬಿಡಿ. ಬಕೆಟ್ ತಳದಲ್ಲಿ ಬಿಳೀ ಹರಳು ಕೂತಿದ್ರೆ ನಿಮ್ಮ ಡೋಸ್ ಕಾಯಿಗೆ ತಲುಪಿಲ್ಲ. 2 ಮಿಲಿಮೋಲಾರಲ್ಲೇ ದ್ರಾವಣದ ಪಿಎಚ್ 3ರ ಹತ್ರ ಇರತ್ತೆ, ಅದಕ್ಕಿಂತ ಗಟ್ಟಿ ಮಾಡಿದ್ರೆ ಹುಳಿಗೇ ಸಿಪ್ಪೆ ಮೇಲೆ, ಅದಕ್ಕಿಂತ ಹೆಚ್ಚಾಗಿ ತೊಟ್ಟಿನ ಟೊಪ್ಪಿ ಮೇಲೆ ಕಂದು ಬರತ್ತೆ. ಪಿಎಚ್ ಸ್ಟ್ರಿಪ್ ಒಂದು ಕೈಯಲ್ಲಿರಲಿ. ಮೆಲಟೋನಿನ್ ಸಾಮಾನ್ಯವಾಗಿ 100 ಮೈಕ್ರೋಮೋಲಾರ್ ಹತ್ರ ಬಳಸ್ತಾರೆ, ಲೀಟರಿಗೆ 23 ಮಿಲಿಗ್ರಾಂ, ಇದು ಬೆಳಕಿಗೆ ಕೆಡೋ ವಸ್ತು, ಹಿಂದಿನ ದಿನ ಕಲಸಿ ಪಾರದರ್ಶಕ ಕ್ಯಾನಲ್ಲಿ ಬಿಸಿಲಿಗಿಟ್ಟ ದ್ರಾವಣ ನಂಬಬೇಡಿ. 1-ಎಂಸಿಪಿ ಬಗ್ಗೆ ತುಂಬ ಜನ ಕೇಳ್ತಾರೆ, ಅದು ಎಥಿಲೀನ್ ಕೆಲಸವನ್ನ ತಡೆಯೋ ಅನಿಲ. ಮೆಣಸಿನಕಾಯಿ ಬಾಳೆಹಣ್ಣಿನ ಹಾಗೆ ಎಥಿಲೀನ್ ಉಕ್ಕಿಸಿ ಮಾಗೋ ಜಾತಿ ಅಲ್ಲ, ಅದಕ್ಕೇ ಇದರಿಂದ ದೊಡ್ಡ ಪ್ರಯೋಜನ ನಿರೀಕ್ಷೆ ಮಾಡೋಕೆ ಹೋಗಬಾರ್ದು, ನಾನಾದ್ರೆ ಮೇಲಿನವೆಲ್ಲ ನೋಡಿ ಆಮೇಲೆ ಇದಕ್ಕೆ ಕೈ ಹಾಕ್ತೀನಿ.

ಇವುಗಳಲ್ಲಿ ಯಾವ್ದೇ ಆಗ್ಲಿ, ಕೊಯ್ದ ಮೇಲೆ ತಿನ್ನೋ ಕಾಯಿ ಮೇಲೆ ಬಳಸೋಕೆ ಅನುಮತಿ ಇದ್ಯಾ ಅಂತ ಲೇಬಲ್ ಓದಿ, ಕಾಯಿ ಹೋಗೋ ಮಾರ್ಕೆಟ್ಟಿನ ನಿಯಮವನ್ನೂ ನೋಡಿ. ಗಿಡಕ್ಕೆ ಅನುಮತಿ ಇರೋದು ಕೊಯ್ದ ಕಾಯಿಗೆ ಇರಲೇಬೇಕು ಅಂತಿಲ್ಲ. ಪ್ರಯೋಗಕ್ಕೆ ಬಳಸಿದ ಕಾಯಿ ಮಾರಬೇಡಿ.

ಕಾಯಿಯ ವಯಸ್ಸು ಬೆರೆಸಿದ್ರೂ ಫಲಿತಾಂಶ ಕಲಸಿಹೋಗತ್ತೆ. ಪೂರ್ತಿ ಕೆಂಪಾದ ಕಾಯಿ ಚಳಿಯನ್ನ ಹಸಿರಿಗಿಂತ ಚೆನ್ನಾಗಿ ತಡ್ಕೊಳತ್ತೆ. ಟ್ರೀಟ್ ಮಾಡಿದ ಕ್ರೇಟಲ್ಲಿ ಬಣ್ಣ ತಿರುಗಿದ ಕಾಯಿ ಜಾಸ್ತಿ ಇದ್ದು ಮಾಡ್ದೇ ಇರೋ ಕ್ರೇಟಲ್ಲಿ ಎಳೇ ಹಸಿರು ಜಾಸ್ತಿ ಇದ್ರೆ ಹಾರ್ಮೋನ್ ಕೆಲಸ ಮಾಡ್ದೇ ಇದ್ರೂ ಮಾಡಿದ ಹಾಗೆ ಕಾಣತ್ತೆ. ಒಂದೇ ದಿನ ಕೊಯ್ದ, ಒಂದೇ ಬಣ್ಣದ, ಒಂದೇ ತಳಿಯ ಕಾಯಿಯನ್ನ ಮೂರು ಪಾಲು ಮಾಡಿ: ಒಂದಕ್ಕೆ ಏನೂ ಬೇಡ, ಒಂದನ್ನ ಬರೀ ನೀರು, ಎಥನಾಲ್, ಟ್ವೀನ್ ಇರೋ ಹಾರ್ಮೋನ್ ಇಲ್ಲದ ದ್ರಾವಣದಲ್ಲಿ ಅದ್ದಿ, ಮೂರನೇದಕ್ಕೆ ಪೂರ್ತಿ ಟ್ರೀಟ್‌ಮೆಂಟ್. ಈ ನಡುವಿನ ಪಾಲನ್ನ ಎಲ್ರೂ ಬಿಟ್ಬಿಡ್ತಾರೆ. ಅದಿಲ್ದೇ ಇದ್ರೆ ಕಲೆ ಬಂದಿದ್ದು ಹಾರ್ಮೋನಿಂದಾನಾ ಎಥನಾಲಿಂದಾನಾ ಅಂತ ಹೇಳೋಕೇ ಆಗಲ್ಲ. ಮೂರೂ ಪಾಲು ರೂಮಿನ ಒಂದೇ ಸಾಲಲ್ಲಿ ಪಕ್ಕಪಕ್ಕ ಇರಬೇಕು.

ಕಣ್ಣಿಗೆ ಕಾಣೋ ಮುಂಚೆ ತಿಳ್ಕೊಳ್ಳೋಕೆ ಇಸಿ ಮೀಟರ್

ಪೊರೆ ಸೋರ್ತಿದೆ ಅಂದ್ರೆ ಲವಣ ಹೊರಗೆ ಬರತ್ತೆ, ಅದನ್ನ ಇಸಿ ಮೀಟರಲ್ಲಿ, ಅಂದ್ರೆ ನೀರಲ್ಲಿ ವಿದ್ಯುತ್ ಎಷ್ಟು ಹರಿಯತ್ತೆ ಅಂತ ತೋರಿಸೋ ಮೀಟರಲ್ಲಿ ಅಳೀಬಹುದು, ಮಣ್ಣಿನ ನೀರು ನೋಡೋ ಮೀಟರೇ ಸಾಕು, ಕಡಿಮೆ ರೀಡಿಂಗ್ ಸರಿಯಾಗಿ ತೋರಿಸಬೇಕು ಅಷ್ಟೆ. ಹರಿತವಾದ ಕೊಳವೆ ಬ್ಲೇಡಲ್ಲಿ ಕಾಯಿ ಗೋಡೆಯಿಂದ 10 ಮಿಲಿಮೀಟರ್ ಅಗಲದ ಬಿಲ್ಲೆಗಳನ್ನ ಕತ್ತರಿಸಿ, ಬೇರೆ ಬೇರೆ ಕಾಯಿಂದ ಒಟ್ಟು ಹತ್ತು. ಕತ್ತರಿಸಿದ ಅಂಚಿಂದ ರಸ ಬರತ್ತೆ, ಡಿಸ್ಟಿಲ್ಡ್ ವಾಟರಲ್ಲಿ ಎರಡು ಮೂರು ಸಲ ತೊಳೆದು ಆ ರಸ ಕಳೀಬೇಕು, ಇದನ್ನ ಬಿಟ್ರೆ ಎಲ್ಲಾ ಕಾಯೂ ಸೋರ್ತಿರೋ ಹಾಗೇ ಕಾಣತ್ತೆ. ಆಮೇಲೆ 25 ಎಂಎಲ್ ಹೊಸ ಡಿಸ್ಟಿಲ್ಡ್ ವಾಟರಿಗೆ ಹಾಕಿ ಅರ್ಧ ಗಂಟೆ ಆಗಾಗ ಅಲ್ಲಾಡಿಸ್ತಾ ಇಟ್ಟು ಇಸಿ ಬರ್ಕೊಳ್ಳಿ. ಅದೇ ಪಾತ್ರೆ ಮುಚ್ಚಿ 15-20 ನಿಮಿಷ ಕುದಿಸಿ, ಅದೇ ಟೆಂಪರೇಚರಿಗೆ ಆರಿಸಿ, ಆವಿಯಾದಷ್ಟು ನೀರು ತುಂಬ್ಸಿ ಮತ್ತೆ ಇಸಿ ನೋಡಿ. ಕುದಿಸಿದ್ಮೇಲೆ ಪೊರೆ ಪೂರ್ತಿ ಒಡೆದು ಇದ್ದಿದ್ದೆಲ್ಲಾ ಹೊರಬಂದಿರತ್ತೆ. ಮೊದಲನೇ ಅಂಕಿಯನ್ನ ಎರಡನೇದ್ರಿಂದ ಭಾಗಿಸಿ 100ರಿಂದ ಗುಣಿಸಿ. ಮೊದಲು 60 ಬಂದು ಆಮೇಲೆ 300 ಬಂತು ಅಂದ್ಕೊಳ್ಳಿ, ಸೋರಿಕೆ 20%.

ಆ ಒಂದು ಶೇಕಡಾ ಅಂಕಿಗೆ ಅಷ್ಟು ಬೆಲೆ ಇಲ್ಲ, ತಳಿ, ಬಿಲ್ಲೆ ದಪ್ಪ, ತೊಳೆದ ರೀತಿ ಎಲ್ಲ ಅದನ್ನ ಬದಲಾಯಿಸತ್ತೆ. ಚಳಿಗೆ ಹಾಕೋ ದಿನ ಎಷ್ಟಿತ್ತು, ವಾರಕ್ಕೆ ಎಷ್ಟಾಯ್ತು, ಟ್ರೀಟ್ ಮಾಡಿದ್ದಕ್ಕೂ ಮಾಡ್ದೇ ಇರೋದಕ್ಕೂ ಅಂತರ ಎಷ್ಟು, ಇದನ್ನ ನೋಡಿ. ಎರಡೂ ಒಂದೇ ಥರ ಏರ್ತಿದ್ರೆ ಟ್ರೀಟ್‌ಮೆಂಟ್ ಕಾಯಿಯೊಳಗೆ ತಲುಪಿಲ್ಲ, ವಾಪಸ್ ಡೋಸ್ ಮತ್ತೆ ಟೈಮಿಂಗ್ ಹತ್ರ ಹೋಗಿ. ಟ್ರೀಟ್ ಮಾಡಿದ್ದರ ಸೋರಿಕೆ ಕಡಿಮೆ ಇದ್ದೂ ಕೊಳೆ ಜಾಸ್ತಿ ಇದ್ರೆ ಹಾರ್ಮೋನ್ ತನ್ನ ಕೆಲಸ ಮಾಡಿದೆ, ದೋಷ ತೇವದಲ್ಲಿದೆ, ನೀರಿನ ಸ್ವಚ್ಛತೆಯಲ್ಲಿದೆ.

ಹಾರ್ಮೋನ್ ಒಂದೇ ಸಾಲ್ದೇ ಇದ್ರೆ

ಕಾಯಿಯನ್ನ ನೇರ ಚಳಿಗೆ ತಳ್ಳೋ ಬದಲು 10 ಡಿಗ್ರಿಯಲ್ಲಿ ಕೆಲವು ದಿನ ಇಟ್ಟು ಆಮೇಲೆ ಇಳಿಸಿದ್ರೆ ಅದಕ್ಕೇ ಒಂದಷ್ಟು ತಾಳಿಕೆ ಬರತ್ತೆ, ಇದಕ್ಕೆ ರಾಸಾಯನಿಕವೇ ಬೇಡ. ಬಿಸಿನೀರೂ ಹಾಗೇ, 53 ಡಿಗ್ರಿಯಲ್ಲಿ 4 ನಿಮಿಷ ಅದ್ದೋದು ಒಂದು ಪದ್ಧತಿ, 55 ಡಿಗ್ರಿ ಹತ್ರದ ನೀರಲ್ಲಿ ಬ್ರಷ್ ಮಾಡ್ತಾ 12 ಸೆಕೆಂಡ್ ತೊಳೆಯೋದು ಇನ್ನೊಂದು. ಬಿಸಿನೀರು ಕೊಟ್ಟ ಕಾಯಲ್ಲಿ ಪಾಲಿಅಮೀನ್ ಅನ್ನೋ ವಸ್ತುಗಳು ಜಾಸ್ತಿ ಆಗಿರೋದು ಕಂಡಿದೆ, ಅವು ಪೊರೆಗೆ ಅಂಟ್ಕೊಂಡು ಅದನ್ನ ಹಿಡಿದಿಡ್ತವೆ. ಎರಡು ಡಿಗ್ರಿ ಜಾಸ್ತಿ ಆದ್ರೂ ಸುಡಬಹುದು, ಸುತ್ತಾ ನೀರು ತಿರುಗೋ ತೊಟ್ಟಿ, ನಂಬೋ ಥರ್ಮಾಮೀಟರ್ ಇಲ್ದೇ ಇದಕ್ಕೆ ಇಳೀಬೇಡಿ. ರಂಧ್ರ ಇರೋ ತೆಳು ಫಿಲ್ಮಲ್ಲಿ ಸುತ್ತಿಟ್ರೆ ನೀರು ಆರೋದು ನಿಂತು ತಗ್ಗು ಬೀಳೋದು ಕಣ್ಣಿಗೆ ಕಾಣೋ ಹಾಗೆ ಕಮ್ಮಿ ಆಗತ್ತೆ, ಆದ್ರೆ ಬೀಜ ಕಂದಾಗೋದನ್ನ ಅದು ಮುಚ್ಚಿಡಬಹುದು, ಹಾಗಾಗಿ ಫಿಲ್ಮ್ ಹಾಕಿದ ಲಾಟಲ್ಲಿ ಹೊರಗಿನ ನೋಟ ನಂಬ್ದೇ ಸೀಳಿ ನೋಡಿ.

ಈಗಾಗ್ಲೇ ಪೆಟ್ಟು ತಿಂದಿರೋ ಲಾಟ್ ಕೈಯಲ್ಲಿದ್ರೆ ಅದನ್ನ ಯಾವ ದ್ರಾವಣದಲ್ಲೂ ಅದ್ದಬೇಡಿ, ಹರಿದ ಜಾಗಕ್ಕೆ ನೀರು ಕೊಟ್ಟ ಹಾಗಾಗತ್ತೆ. ಬೂಷ್ಟು ಬಂದ ಕಾಯಿಯನ್ನ ಮೊದಲು ಬೇರೆ ಮಾಡಿ. ಉಳಿದಿದ್ದನ್ನ ಮತ್ತೆ ವಾರಗಟ್ಲೆ ಚಳಿಗೆ ಕಳಿಸೋ ಯೋಚ್ನೆ ಬಿಟ್ಟು, ಬೆಚ್ಚಗಾದ್ರೆ ಎರಡು ಮೂರು ದಿನದಲ್ಲಿ ತಗ್ಗು ಬೀಳತ್ತೆ ಅಂತ ಲೆಕ್ಕ ಹಾಕಿ ಅದಕ್ಕೂ ಮುಂಚೆ ಖಾಲಿ ಮಾಡಿ, ತಗೊಳ್ಳೋರಿಗೂ ಅದನ್ನ ಮುಚ್ಚಿಡದೇ ಹೇಳಿ. ಬೀಜ ಮಾತ್ರ ಕಂದಾಗಿ ಗೋಡೆ ಗಟ್ಟಿ ಇರೋದನ್ನ ಅದೇ ದಿನ ಬೀಜ ತೆಗೆದು ಹೆಚ್ಚಿ ಬಳಸೋರಿಗೆ ಕೊಡಬಹುದು. ಕ್ರೇಟ್ ತೊಳೆದು ಒಣಗಿಸಿ, ಆ ಲಾಟ್ ರೂಮಲ್ಲಿ ಎಲ್ಲಿತ್ತು, ಎಷ್ಟು ಗಂಟೆ 7 ಡಿಗ್ರಿಗಿಂತ ಕೆಳಗಿತ್ತು, ಯಾವ ಬಣ್ಣದ ಕಾಯಿ, ಟ್ರೀಟ್‌ಮೆಂಟ್ ಕೊಟ್ಟಾಗ ಕಾಯಿ ಒಳಗಿನ ಟೆಂಪರೇಚರ್ ಎಷ್ಟು, ಇಷ್ಟನ್ನ ಮುಂದಿನ ಲೋಡ್ ಬರೋದ್ರೊಳಗೆ ಬರೆದಿಟ್ಕೊಳ್ಳಿ.